ಹತ್ತು ಎಲೆ ಬೇರೆ, ಒಂದೇ ಎಲೆಯ ಹತ್ತು ಜಾಗ ಬೇರೆ

ವಿಜ್ಞಾನ ಪ್ರಾಜೆಕ್ಟ್ ಸ್ಪರ್ಧೆಯಲ್ಲಿ ತೀರ್ಪುಗಾರರು ಕೇಳಿದ್ದು ಒಂದೇ ಪ್ರಶ್ನೆ. "ಈ ವ್ಯತ್ಯಾಸ ಸುಮ್ನೆ ಆಕಸ್ಮಿಕವಾಗಿ ಬಂದಿದ್ದಲ್ಲ ಅಂತ ಹೇಗೆ ಹೇಳ್ತೀಯಮ್ಮ?"

ನನ್ನ ಇಬ್ಬರು ವಿದ್ಯಾರ್ಥಿನಿಯರು ಚಾರ್ಟ್ ಪಕ್ಕ ನಿಂತಿದ್ದರು. ಇಬ್ಬರೂ ಮೊದಲ ಪಿಯುಸಿ. ಕಾಲೇಜಿನ ದಾಸವಾಳದ ಬೇಲಿಯಲ್ಲಿ ಬಿಸಿಲಿನ ಕಡೆಯ ಎಲೆಯಲ್ಲಿ ಪತ್ರರಂಧ್ರ (ಎಲೆ ಉಸಿರಾಡುವ ಸಣ್ಣ ರಂಧ್ರ) ಜಾಸ್ತಿ, ಗೋಡೆಯ ನೆರಳಿನ ಕಡೆಯ ಎಲೆಯಲ್ಲಿ ಕಡಿಮೆ ಅಂತ ತೋರಿಸಿದ್ದರು. ಸೂಕ್ಷ್ಮದರ್ಶಕದಲ್ಲಿ ಒಂದು ಸಲಕ್ಕೆ ಕಾಣುವ ಜಾಗದಲ್ಲಿ, ಬಿಸಿಲಲ್ಲಿ ಸರಾಸರಿ 34, ನೆರಳಲ್ಲಿ 25. ಬಾರ್ ಗ್ರಾಫ್‌ಗೆ ಸ್ಕೆಚ್ ಪೆನ್ನಲ್ಲಿ ಚೆನ್ನಾಗಿ ಬಣ್ಣ ತುಂಬಿದ್ದರು. ಪ್ರಶ್ನೆ ಕೇಳಿದ ಕೂಡಲೇ ಇಬ್ಬರೂ ನನ್ನ ಕಡೆ ನೋಡಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹದಿನಾಲ್ಕು ವರ್ಷದಿಂದ ಜೀವಶಾಸ್ತ್ರ ಪಾಠ ಮಾಡುತ್ತಿದ್ದೇನೆ, ಯಾವ ಮಕ್ಕಳೂ ಅದನ್ನು ನನಗೆ ಕೇಳಿರಲಿಲ್ಲ, ನಾನೂ ಯಾರಿಗೂ ಕೇಳಿರಲಿಲ್ಲ.

ಬಹುಮಾನ ಬರದೇ ಇದ್ದಿದ್ದಕ್ಕೆ ಬೇಜಾರಾಗಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಒಬ್ಬಳು, "ಮೇಡಂ, ಅವರು ಕೇಳಿದ್ದು ಸರಿ ಅಲ್ವಾ? ನಮಗೇ ಗೊತ್ತಿಲ್ಲ" ಅಂದಳು. ಆ ಮಾತು ಮನಸ್ಸಿನಲ್ಲೇ ಉಳಿಯಿತು. ಆಮೇಲಿನ ಕೆಲವು ತಿಂಗಳಲ್ಲಿ ನಾವು ಮಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಬೇರೆ ಜೀವಶಾಸ್ತ್ರ ಉಪನ್ಯಾಸಕರಿಗೆ, ಪ್ರಾಜೆಕ್ಟ್ ಮಾಡುವ ಮಕ್ಕಳಿಗೆ ಉಪಯೋಗಕ್ಕೆ ಬಂದರೆ ಬರಲಿ ಅಂತ.

ನಮ್ಮ ಕಾಲೇಜಿನಲ್ಲಿ ವಿಜ್ಞಾನ ವಿಭಾಗ ಒಂದು ಕಟ್ಟಡ, ಕಾಮರ್ಸ್ ಇನ್ನೊಂದು. ಸಂಖ್ಯಾಶಾಸ್ತ್ರದ ಸರ್ ಕೂರುವುದು ಕಾಮರ್ಸ್ ಕಟ್ಟಡದಲ್ಲಿ, ಯಾಕಂದರೆ ಅವರ ಹೆಚ್ಚಿನ ತರಗತಿಗಳು ಸೆಬಾ (ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ) ಮಕ್ಕಳಿಗೆ. ಮರುದಿನವೇ ಚಾರ್ಟ್ ಹಿಡಿದುಕೊಂಡು ಅವರ ಹತ್ತಿರ ಹೋದೆ. ಅವರು ಚಾರ್ಟ್ ನೋಡುವ ಮೊದಲೇ ತಮ್ಮ ಎರಡನೇ ಪಿಯುಸಿ ಪುಸ್ತಕ ತೆಗೆದು ಕೈ-ಸ್ಕ್ವೇರ್ ಟೆಸ್ಟ್ (ಎಣಿಸಿದ ಸಂಖ್ಯೆ ನಿರೀಕ್ಷೆಗೆ ಹೊಂದುತ್ತದೆಯೇ ಅಂತ ನೋಡುವ ಲೆಕ್ಕ) ಇರುವ ಪಾಠ ತೋರಿಸಿದರು. ನನಗೆ ನಿಜಕ್ಕೂ ಆಶ್ಚರ್ಯ ಆಯಿತು. ಬಟಾಣಿ ಗಿಡಗಳಲ್ಲಿ ಮೆಂಡೆಲ್ ಕಂಡ 3:1 ಅನುಪಾತವನ್ನು ಬಾಯಿಪಾಠ ಮಾಡುವುದು ನಮ್ಮ ಮಕ್ಕಳು. ಆ ಅನುಪಾತ ನಿಜಕ್ಕೂ 3:1 ಹೌದೋ ಅಲ್ಲವೋ ಅಂತ ನೋಡುವ ಲೆಕ್ಕ ಕಲಿಯುವುದು ಪಕ್ಕದ ಕಟ್ಟಡದ ಕಾಮರ್ಸ್ ಮಕ್ಕಳು! ಎರಡು ಕಟ್ಟಡದ ನಡುವೆ ಇರುವುದು ಒಂದು ಸೈಕಲ್ ಸ್ಟ್ಯಾಂಡ್ ಅಷ್ಟೇ.

ಸರ್ ಹೂವಿನಹಡಗಲಿ ಕಡೆಯವರು. ಸಂಖ್ಯಾಶಾಸ್ತ್ರದ ಸಿ. ಆರ್. ರಾವ್ 1920ರಲ್ಲಿ ಹುಟ್ಟಿದ್ದು ಅದೇ ಊರಲ್ಲಿ ಅಂತ ನನಗೆ ಗೊತ್ತಾಗಿದ್ದು ಇವರಿಂದಲೇ. "ನೂರಾ ಎರಡು ವರ್ಷ ಬದುಕಿದರು ಮೇಡಂ, 2023ರಲ್ಲಿ ಸಂಖ್ಯಾಶಾಸ್ತ್ರದ ಅಂತಾರಾಷ್ಟ್ರೀಯ ಪ್ರಶಸ್ತಿ ಬಂತು, ಅದೇ ವರ್ಷ ತೀರಿಕೊಂಡರು. ನಮ್ಮ ಮಕ್ಕಳಿಗೆ ಹೆಸರೂ ಗೊತ್ತಿಲ್ಲ" ಅಂದರು. ಆಮೇಲೆ ಚಾರ್ಟ್ ಕಡೆ ತಿರುಗಿದರು.

"ಇದರಲ್ಲಿ ಒಟ್ಟು ಎಷ್ಟು ಎಲೆ ನೋಡಿದಿರಿ?"

"ಎರಡು. ಬಿಸಿಲಿನದು ಒಂದು, ನೆರಳಿನದು ಒಂದು. ಒಂದೊಂದರಲ್ಲೂ ಹತ್ತು ಜಾಗ ಎಣಿಸಿದ್ದೇವೆ."

"ಹಾಗಾದ್ರೆ ನಿಮ್ಮ ಹತ್ರ ಇಪ್ಪತ್ತು ಸಂಖ್ಯೆ ಇಲ್ಲ ಮೇಡಂ. ಎರಡೇ ಸಂಖ್ಯೆ ಇರೋದು."

ನನ್ನ ಜೊತೆ ಬಂದಿದ್ದ ಹುಡುಗಿ ಸುಮ್ಮನಿರಲಿಲ್ಲ. "ಸರ್, ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಸಾಕಲ್ವಾ?" ಅಂತ ಕೇಳಿದಳು. ಒಳ್ಳೆಯ ಪ್ರಶ್ನೆ ಅಂತ ನನಗೆ ಈಗಲೂ ಅನಿಸುತ್ತದೆ. ಸರ್ ಸ್ವಲ್ಪ ಯೋಚನೆ ಮಾಡಿ ಹೇಳಿದರು, "ಆ ಅಗುಳು ಆ ಪಾತ್ರೆಯ ವಿಷಯ ಹೇಳುತ್ತಮ್ಮ. ಪಕ್ಕದ ಮನೆ ಪಾತ್ರೆಯದ್ದಲ್ಲ. ಇಲ್ಲಿ ಒಂದೊಂದು ಎಲೆಯೂ ಒಂದೊಂದು ಪಾತ್ರೆ. ನೀನು ಒಂದೇ ಪಾತ್ರೆಯಿಂದ ಹತ್ತು ಅಗುಳು ತೆಗೆದು, ಹತ್ತು ಮನೆ ಊಟ ನೋಡಿದೆ ಅಂತಿದೀಯ."

ಎಲ್ಲ ಮೊದಲಿನಿಂದ ಶುರುಮಾಡಬೇಕಾಯಿತು. ಟೆಸ್ಟ್ ಕಲಿಯುವುದಕ್ಕೆ ಹೋದವಳು ಎಲೆ ಕೀಳುವುದನ್ನು ಕಲಿತು ಬಂದೆ.

ಪತ್ರರಂಧ್ರ ಎಣಿಸುವ ವಿಧಾನ ಸುಲಭದ್ದೇ. ಎಲೆಯ ಕೆಳಮೈಗೆ ಪಾರದರ್ಶಕ ನೇಲ್ ಪಾಲಿಶ್ ತೆಳ್ಳಗೆ ಹಚ್ಚಬೇಕು, ಹತ್ತು ನಿಮಿಷ ಒಣಗಲು ಬಿಡಬೇಕು, ಅದರ ಮೇಲೆ ಸೆಲ್ಲೋಟೇಪ್ ಒತ್ತಿ ಮೆಲ್ಲಗೆ ಎತ್ತಿದರೆ ಎಲೆಯ ಹೊರಪದರದ ಅಚ್ಚು ಟೇಪಿಗೆ ಅಂಟಿ ಬರುತ್ತದೆ. ಅದನ್ನು ಸ್ಲೈಡ್ ಮೇಲೆ ಅಂಟಿಸಿದರೆ ಆಯಿತು. ಬಣ್ಣವೂ ಬೇಡ, ಬ್ಲೇಡೂ ಬೇಡ. ಆದರೆ ಮಾಡುವಾಗಲೇ ತೊಂದರೆ ಗೊತ್ತಾಗುವುದು. ಅದು ಜುಲೈ, ಎಲೆ ಸದಾ ಒದ್ದೆ. ಒದ್ದೆ ಎಲೆಗೆ ಪಾಲಿಶ್ ಹಿಡಿಯುವುದಿಲ್ಲ, ಹಿಡಿದರೂ ಬೆಳ್ಳಗೆ ಮಂಜಾಗುತ್ತದೆ. ಹತ್ತಿಯಲ್ಲಿ ಒರೆಸಿ, ಐದು ನಿಮಿಷ ಕಿಟಕಿ ಹತ್ತಿರ ಇಟ್ಟು ಆಮೇಲೆ ಹಚ್ಚಿದೆವು. ದಪ್ಪ ಹಚ್ಚಿದರೆ ಒಳಗೆ ಒಣಗುವುದಿಲ್ಲ, ಟೇಪ್ ಎಳೆದಾಗ ಅಚ್ಚು ಜಗ್ಗಿಹೋಗುತ್ತದೆ, ರಂಧ್ರಗಳೆಲ್ಲ ಉದ್ದುದ್ದ ಕಾಣುತ್ತವೆ. ದೊಡ್ಡ ನರದ ಮೇಲೆ ಹಚ್ಚಿದರೆ ಅಲ್ಲಿ ರಂಧ್ರವೇ ಸಿಗುವುದಿಲ್ಲ. ಮೊದಲ ದಿನದ ಎಂಟು ಅಚ್ಚಿನಲ್ಲಿ ಎಣಿಸಲು ಬಂದಿದ್ದು ಮೂರೇ.

ಯಾವ ಎಲೆ ಕೀಳಬೇಕು ಅನ್ನುವುದೇ ದೊಡ್ಡ ವಿಷಯ ಅಂತ ನನಗೆ ಗೊತ್ತಿರಲಿಲ್ಲ. ಚಿಗುರೆಲೆಯಲ್ಲಿ ಜೀವಕೋಶಗಳು ಇನ್ನೂ ಹಿಗ್ಗಿರುವುದಿಲ್ಲ, ರಂಧ್ರಗಳು ಒತ್ತೊತ್ತಾಗಿರುತ್ತವೆ. ಬಲಿತ ಎಲೆಯಲ್ಲಿ ದೂರ ದೂರ. ಬಿಸಿಲಿನ ಕಡೆ ಚಿಗುರು ಕಿತ್ತು, ನೆರಳಿನ ಕಡೆ ಬಲಿತದ್ದು ಕಿತ್ತರೆ ಬಿಸಿಲಿಗೂ ಉತ್ತರಕ್ಕೂ ಸಂಬಂಧವೇ ಇರುವುದಿಲ್ಲ. ಹಾಗಾಗಿ ನಿಯಮ ಮಾಡಿಕೊಂಡೆವು. ತುದಿಯಿಂದ ಎಣಿಸಿ ಐದನೇ ಎಲೆ. ಒಂದು ಗಿಡಕ್ಕೆ ಒಂದೇ ಎಲೆ. ಯಾವ ಗಿಡ ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನ ಮಾಡುವುದು, ಯಾಕಂದರೆ ಕಣ್ಣಿಗೆ ಚೆಂದ ಕಂಡ ಗಿಡದ ಕಡೆಗೇ ಕೈ ಹೋಗುತ್ತದೆ. ಬಿಸಿಲಿನದು ಹತ್ತು, ನೆರಳಿನದು ಹತ್ತು. ಈ ಬೇಲಿಯ ಗಿಡಗಳೆಲ್ಲ ಒಂದೇ ಗಿಡದ ಕಡ್ಡಿ ನೆಟ್ಟು ಬೆಳೆಸಿದ್ದು ಅಂತ ನಮ್ಮ ಅಟೆಂಡರ್ ಹೇಳಿದರು. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು, ತಳಿಯ ವ್ಯತ್ಯಾಸ ನಡುವೆ ಬರುವುದಿಲ್ಲ. ಆದರೆ ನಮ್ಮ ಉತ್ತರ ಈ ಒಂದು ತಳಿಯ ದಾಸವಾಳಕ್ಕೆ ಮಾತ್ರ, ಎಲ್ಲ ದಾಸವಾಳಕ್ಕೂ ಅಲ್ಲ.

ಸೂಕ್ಷ್ಮದರ್ಶಕದಲ್ಲಿ ಕಾಣುವ ವೃತ್ತ ಎಷ್ಟು ದೊಡ್ಡದು ಅಂತ ಅಳೆಯಲು ಸ್ಟೇಜ್ ಮೈಕ್ರೋಮೀಟರ್ ಬೇಕು. ನಮ್ಮಲ್ಲಿ ಇಲ್ಲ. ಜಾಮೆಟ್ರಿ ಬಾಕ್ಸಿನ ಪ್ಲಾಸ್ಟಿಕ್ ಸ್ಕೇಲನ್ನೇ 10 ಪಟ್ಟಿನ ಮಸೂರದ ಕೆಳಗೆ ಇಟ್ಟೆವು. ಒಂದು ಮಿಲಿಮೀಟರ್ ಪೂರ್ತಿ, ಇನ್ನೊಂದರಲ್ಲಿ ಮುಕ್ಕಾಲಿಗಿಂತ ಸ್ವಲ್ಪ ಜಾಸ್ತಿ ಕಾಣಿಸಿತು. ಅಂದರೆ ಸುಮಾರು 1.8 ಮಿ.ಮೀ. 40 ಪಟ್ಟಿನ ಮಸೂರದಲ್ಲಿ ಅದರ ಕಾಲು ಭಾಗ, 0.45 ಮಿ.ಮೀ. ಆ ವೃತ್ತದ ವಿಸ್ತೀರ್ಣ ಸುಮಾರು 0.16 ಚದರ ಮಿ.ಮೀ. ಮಕ್ಕಳು ಪೈ ಆರ್ ಸ್ಕ್ವೇರ್ ಸೂತ್ರವನ್ನು ಇಷ್ಟು ಖುಷಿಯಿಂದ ಹಾಕಿದ್ದು ನಾನು ನೋಡಿರಲಿಲ್ಲ.

ವೃತ್ತದ ಅಂಚಿನಲ್ಲಿ ಅರ್ಧ ಕಾಣುವ ರಂಧ್ರವನ್ನು ಏನು ಮಾಡುವುದು? ಒಬ್ಬಳು ಎಣಿಸುತ್ತಿದ್ದಳು, ಇನ್ನೊಬ್ಬಳು ಬಿಡುತ್ತಿದ್ದಳು. ಬಲ ಅರ್ಧದ ಅಂಚಿಗೆ ತಾಗಿದ್ದು ಲೆಕ್ಕಕ್ಕೆ, ಎಡ ಅರ್ಧದ್ದು ಲೆಕ್ಕಕ್ಕಿಲ್ಲ ಅಂತ ಗೋಡೆ ಮೇಲೆ ಬರೆದು ಅಂಟಿಸಿದೆವು. ಒಂದು ಎಲೆಯಲ್ಲಿ ಮೂರು ಜಾಗ ನೋಡಿ, ಮೂರರಲ್ಲಿ ನಡುವಿನ ಸಂಖ್ಯೆಯನ್ನು ಆ ಎಲೆಯ ಸಂಖ್ಯೆ ಅಂತ ಇಟ್ಟುಕೊಂಡೆವು.

ಇನ್ನೊಂದು ಕೆಲಸ ಮಾಡಿದೆವು. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಅದು. ಸ್ಲೈಡ್ ಮೇಲೆ ಬಿಸಿಲು, ನೆರಳು ಅಂತ ಬರೆಯಲಿಲ್ಲ. ಬೇರೆ ಹುಡುಗನೊಬ್ಬ 1ರಿಂದ 20ರವರೆಗೆ ನಂಬರ್ ಮಾತ್ರ ಹಾಕಿದ. ಯಾವ ನಂಬರ್ ಯಾವ ಕಡೆಯದು ಅನ್ನುವ ಚೀಟಿ ನನ್ನ ಬ್ಯಾಗಿನಲ್ಲಿತ್ತು. ಇಪ್ಪತ್ತರ ಜೊತೆಗೆ ಸ್ಪರ್ಧೆಗೆ ಒಯ್ದಿದ್ದ ಹಳೆಯ ಬಿಸಿಲಿನ ಸ್ಲೈಡನ್ನೂ ಹೆಸರಿಲ್ಲದೆ ಸೇರಿಸಿದ್ದೆ. ಆಗ 34 ಸರಾಸರಿ ಬಂದಿದ್ದ ಅದೇ ಸ್ಲೈಡಿನಲ್ಲಿ, ಅದೇ ಹುಡುಗಿಗೆ, ಈ ಸಲ ಸಿಕ್ಕಿದ್ದು 30. ಅವಳು ಸುಳ್ಳು ಬರೆದಿರಲಿಲ್ಲ. ಜಾಸ್ತಿ ಇರುತ್ತದೆ ಅಂತ ಮೊದಲೇ ಗೊತ್ತಿದ್ದಾಗ ಕಣ್ಣು ಒತ್ತಾಗಿರುವ ಜಾಗವನ್ನೇ ಹುಡುಕುತ್ತದೆ, ಅನುಮಾನದ ರಂಧ್ರವನ್ನೂ ಸೇರಿಸಿಕೊಳ್ಳುತ್ತದೆ. ಅವಳ ಕಣ್ಣಲ್ಲಿ ನೀರು ಬಂತು. ನಾನು ಪಕ್ಕ ಕೂತು, ದೊಡ್ಡ ದೊಡ್ಡ ಪ್ರಯೋಗಾಲಯದಲ್ಲೂ ಇದಕ್ಕೇ ಹೀಗೆ ನಂಬರ್ ಹಾಕುತ್ತಾರೆ, ಇದು ಎಲ್ಲರ ಕಣ್ಣಿಗೂ ಆಗುವುದು ಅಂತ ಹೇಳಿದೆ.

ಕೊನೆಗೆ ಬಂದ ಸಂಖ್ಯೆ ಇವು. ಬಿಸಿಲು: 28, 31, 26, 33, 29, 30, 27, 34, 28, 30. ನೆರಳು: 24, 27, 22, 29, 25, 26, 21, 28, 24, 26. ಸರಾಸರಿ 29.6 ಮತ್ತು 25.2. ವ್ಯತ್ಯಾಸ 4.4. ಮೊದಲಿದ್ದ 9 ಈಗ ಅರ್ಧಕ್ಕಿಂತ ಕಡಿಮೆ.

ಸರ್ ಸೂತ್ರ ಬರೆಯಲಿಲ್ಲ. ಇಪ್ಪತ್ತು ಚೀಟಿಯಲ್ಲಿ ಇಪ್ಪತ್ತು ಸಂಖ್ಯೆ ಬರೆಸಿದರು. ಎಲ್ಲವನ್ನೂ ಒಂದು ಸ್ಟೀಲ್ ಡಬ್ಬಿಗೆ ಹಾಕಿ, "ಬಿಸಿಲು ನೆರಳು ಏನೂ ವ್ಯತ್ಯಾಸ ಮಾಡಲ್ಲ ಅಂತ ಒಂದು ಗಳಿಗೆ ಅಂದುಕೊಳ್ಳಿ. ಹಾಗಿದ್ರೆ ಈ ಸಂಖ್ಯೆಗಳು ಯಾವ ಕಡೆ ಬೇಕಾದರೂ ಬೀಳಬಹುದಿತ್ತು ಅಲ್ವಾ? ಕುಲುಕಿ, ಹತ್ತು ಹತ್ತು ಮಾಡಿ, ಸರಾಸರಿಯ ವ್ಯತ್ಯಾಸ ಬರೆಯಿರಿ" ಅಂದರು. ತರಗತಿಯನ್ನು ಐದು ಗುಂಪು ಮಾಡಿ, ಒಂದೊಂದು ಗುಂಪಿಗೂ ಒಂದೊಂದು ಡಬ್ಬಿ ಕೊಟ್ಟು, ಎರಡು ಪೀರಿಯಡ್‌ನಲ್ಲಿ ನೂರು ಸಲ ಮಾಡಿದೆವು. 0.6 ಬಂತು, 1.2 ಬಂತು, 0.2 ಬಂತು. ಮೂರು ದಾಟಿದ್ದು ಬೆರಳೆಣಿಕೆ. ಅತಿ ದೊಡ್ಡದು 3.8. ನೂರು ಸಲದಲ್ಲಿ ಒಮ್ಮೆಯೂ 4.4 ಬರಲಿಲ್ಲ. ಬೋರ್ಡ್ ಮೇಲೆ ಆ ನೂರು ಸಂಖ್ಯೆ ನೋಡುತ್ತಾ ನಿಂತಾಗ ತೀರ್ಪುಗಾರರ ಪ್ರಶ್ನೆ ನನಗೆ ಮೊದಲ ಸಲ ಅರ್ಥವಾಯಿತು. ನಲ್ ಹೈಪಾಥಿಸಿಸ್ ಅಂದರೆ ಆ ಡಬ್ಬಿ ಅಷ್ಟೇ. ಏನೂ ನಡೆಯದೇ ಇದ್ದರೂ ಎಷ್ಟು ವ್ಯತ್ಯಾಸ ತಾನಾಗಿ ಬರುತ್ತದೆ ಅಂತ ಅದು ತೋರಿಸುತ್ತದೆ.

ಟಿ-ಟೆಸ್ಟ್ ಇದೇ ಕೆಲಸವನ್ನು ಚೀಟಿ ಇಲ್ಲದೆ ಮಾಡುತ್ತದೆ. ವ್ಯತ್ಯಾಸವನ್ನು ಎಲೆಯಿಂದ ಎಲೆಗೆ ಇರುವ ಏರಿಳಿತದ ಜೊತೆ ಹೋಲಿಸುತ್ತದೆ. ನಮ್ಮ ಎರಡು ಗುಂಪಿನ ವೇರಿಯನ್ಸ್, ಅಂದರೆ ಆ ಏರಿಳಿತದ ಅಳತೆ, 6.49 ಮತ್ತು 6.40. ಎರಡನ್ನೂ 10ರಿಂದ ಭಾಗಿಸಿ ಕೂಡಿಸಿ ವರ್ಗಮೂಲ ತೆಗೆದರೆ 1.135. 4.4ನ್ನು ಅದರಿಂದ ಭಾಗಿಸಿದರೆ 3.88. ಡಿಗ್ರೀಸ್ ಆಫ್ ಫ್ರೀಡಂ 18ಕ್ಕೆ (ಇಪ್ಪತ್ತು ಎಲೆಯಲ್ಲಿ, ಗುಂಪಿಗೆ ಒಂದರಂತೆ ಎರಡು ಕಳೆದದ್ದು) ಟೇಬಲ್‌ನಲ್ಲಿ ಇರುವುದು 2.10. ಏನೂ ವ್ಯತ್ಯಾಸ ಇಲ್ಲದಿದ್ದರೆ ನೂರರಲ್ಲಿ ಸುಮಾರು ಐದೇ ಸಲ ದಾಟುವ ಗಡಿ ಅದು. ನಮ್ಮದು ಅದನ್ನು ದಾಟಿತು. ಈ ಟೆಸ್ಟ್ ಕಂಡುಹಿಡಿದ ವಿಲಿಯಂ ಗಾಸೆಟ್ ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದವರು. ಅವರಿಗೂ ಸಿಗುತ್ತಿದ್ದದ್ದು ನಮ್ಮ ಹಾಗೆ ನಾಲ್ಕೈದು, ಹತ್ತು ಸ್ಯಾಂಪಲ್ ಮಾತ್ರ. ಕಂಪನಿ ಸ್ವಂತ ಹೆಸರಲ್ಲಿ ಪ್ರಕಟಿಸಲು ಬಿಡುತ್ತಿರಲಿಲ್ಲ, ಅದಕ್ಕೆ 1908ರಲ್ಲಿ "ಸ್ಟೂಡೆಂಟ್" ಅನ್ನುವ ಹೆಸರಲ್ಲಿ ಬರೆದರು. ಮಕ್ಕಳಿಗೆ ಆ ಹೆಸರು ತುಂಬಾ ಇಷ್ಟವಾಯಿತು.

ಅಲ್ಲಿಂದ ಕೈ-ಸ್ಕ್ವೇರ್‌ಗೆ ಬಂದೆವು. ಅಳತೆಯ ಸರಾಸರಿಗಳನ್ನು ಹೋಲಿಸಲು ಟಿ-ಟೆಸ್ಟ್, ಗುಂಪು ಗುಂಪಾಗಿ ಎಣಿಸಿದ ಸಂಖ್ಯೆಗೆ ಕೈ-ಸ್ಕ್ವೇರ್. ಮೆಂಡೆಲ್‌ನ ಬಟಾಣಿಯಿಂದಲೇ ಶುರುಮಾಡಿದೆ. ದುಂಡು ಬೀಜ 5474, ಸುಕ್ಕು ಬೀಜ 1850. ಒಟ್ಟು 7324. ಸರಿಯಾಗಿ 3:1 ಆಗಿದ್ದರೆ 5493 ಮತ್ತು 1831 ಇರಬೇಕಿತ್ತು. ವ್ಯತ್ಯಾಸ ಎರಡೂ ಕಡೆ 19. ವರ್ಗ ಮಾಡಿ, ನಿರೀಕ್ಷಿತ ಸಂಖ್ಯೆಯಿಂದ ಭಾಗಿಸಿ, ಕೂಡಿಸಿದರೆ 0.26. ಕೈ-ಸ್ಕ್ವೇರ್ ಟೇಬಲ್‌ನ ಅದೇ ಥರದ ಗಡಿ 3.84ಕ್ಕಿಂತ ಎಷ್ಟೋ ಕಡಿಮೆ, ಅಂದರೆ 3:1ರ ಜೊತೆ ಜಗಳವೇ ಇಲ್ಲ. ಇಷ್ಟು ಚೆನ್ನಾಗಿ ಎಲ್ಲ ಪ್ರಯೋಗದಲ್ಲೂ ಹೊಂದಿಕೊಂಡಿದ್ದು ಹೇಗೆ ಅಂತ 1936ರಲ್ಲಿ ಸಂಖ್ಯಾಶಾಸ್ತ್ರಜ್ಞ ಫಿಶರ್ ಪ್ರಶ್ನೆ ಎತ್ತಿದ್ದರು. ಅದನ್ನು ಹೇಳಿದಾಗ ಹಳೆಯ ಸ್ಲೈಡಿನ ಹುಡುಗಿ ತಟ್ಟನೆ, "ಅವರ ಬೀಜಕ್ಕೂ ನಂಬರ್ ಹಾಕಿರಲಿಲ್ಲ ಅನಿಸುತ್ತೆ ಮೇಡಂ" ಅಂದಳು. ಫಿಶರ್ ಹೇಳಿದ್ದೇ ಕೊನೆಯ ಮಾತಲ್ಲ, ಆ ಚರ್ಚೆ ಆಮೇಲೂ ನಡೆದಿದೆ. ಆದರೆ ಅವಳಿಗೆ ಆ ಅನುಮಾನ ತಾನಾಗಿ ಬಂದಿದ್ದು ನೋಡಿ ನನಗೆ ತುಂಬಾ ಸಂತೋಷವಾಯಿತು.

ಎಡವಿದ್ದು ಈರುಳ್ಳಿ ಬೇರಿನಲ್ಲಿ. ಬೆಳಿಗ್ಗೆ ಕತ್ತರಿಸಿದ ಬೇರಿನ ತುದಿಯಲ್ಲಿ ಮಧ್ಯಾಹ್ನದ್ದಕ್ಕಿಂತ ವಿಭಜನೆಯಾಗುವ ಕೋಶಗಳು ಜಾಸ್ತಿಯೇ ಅಂತ ನೋಡಲು ಹೊರಟಿದ್ದೆವು. ಈರುಳ್ಳಿಯ ಒಣಗಿದ ಹಳೆಯ ಬೇರು ಕೆರೆದು, ಬುಡ ನೀರಿಗೆ ತಾಗುವ ಹಾಗೆ ಲೋಟದ ಮೇಲೆ ಕೂರಿಸಿ ನಾಲ್ಕು ದಿನ ಬಿಟ್ಟೆವು. ತುದಿಗಳನ್ನು ಒಂದು ಭಾಗ ಅಸಿಟಿಕ್ ಆಮ್ಲ, ಮೂರು ಭಾಗ ಆಲ್ಕೋಹಾಲಿನಲ್ಲಿ ಒಂದು ದಿನ ಇಟ್ಟೆವು. ಆಮೇಲೆ ಒಂದು ಹನಿ ಹೈಡ್ರೋಕ್ಲೋರಿಕ್ ಆಮ್ಲ, ಎರಡು ಮೂರು ಹನಿ ಅಸಿಟೋಕಾರ್ಮಿನ್ ಬಣ್ಣ, ಸ್ಪಿರಿಟ್ ಲ್ಯಾಂಪ್ ಮೇಲೆ ಬೆಚ್ಚಗೆ. ಕುದಿಯಬಾರದು, ಕುದಿದರೆ ಎಲ್ಲ ಕೆಟ್ಟಿತು. ಬ್ಲಾಟಿಂಗ್ ಪೇಪರ್ ಇಟ್ಟು ಹೆಬ್ಬೆರಳಲ್ಲಿ ನೇರ ಒತ್ತಬೇಕು, ಪಕ್ಕಕ್ಕೆ ಜಾರಿಸಿದರೆ ಕೋಶಗಳು ಉರುಳಿ ಸುರುಳಿ ಸುತ್ತಿಕೊಳ್ಳುತ್ತವೆ. ಕೈ ಹದ ಅನ್ನುವುದು ಇಲ್ಲಿದೆ, ಅದನ್ನು ಬರೆದು ಕಲಿಸಲು ಆಗುವುದಿಲ್ಲ, ನಾನೂ ಹತ್ತಾರು ಸ್ಲೈಡ್ ಹಾಳುಮಾಡಿಯೇ ಕಲಿತದ್ದು.

ಬೆಳಿಗ್ಗೆಯದರಲ್ಲಿ 200 ಕೋಶಕ್ಕೆ 24 ವಿಭಜನೆಯಲ್ಲಿದ್ದವು, ಮಧ್ಯಾಹ್ನದ್ದರಲ್ಲಿ 200ಕ್ಕೆ 14. ಮಕ್ಕಳು ಶೇಕಡ 12 ಮತ್ತು ಶೇಕಡ 7 ಅಂತ ಮಾಡಿ ಆ ಶೇಕಡವನ್ನೇ ಸೂತ್ರಕ್ಕೆ ಹಾಕಿದರು. 1.45 ಬಂತು. ನಿಜವಾಗಿ ಎಣಿಸಿದ ಸಂಖ್ಯೆ ಹಾಕಿದರೆ 2.91. ಅದೇ ಶೇಕಡ, ಆದರೆ 500 500 ಕೋಶ ಎಣಿಸಿ 60 ಮತ್ತು 35 ಸಿಕ್ಕಿದ್ದರೆ 7.27. ಟೇಬಲ್ ಹೇಳುವುದು 3.84. ಒಂದೇ ಶೇಕಡಕ್ಕೆ ಮೂರು ಬೇರೆ ಉತ್ತರ! ಶೇಕಡ ಮಾಡಿದ ತಕ್ಷಣ ನಾವು ಎಷ್ಟು ಕಷ್ಟಪಟ್ಟು ಎಣಿಸಿದೆವು ಅನ್ನುವ ವಿಷಯ ಅಳಿಸಿಹೋಗುತ್ತದೆ, ಕೈ-ಸ್ಕ್ವೇರ್‌ಗೆ ಬೇಕಾಗಿರುವುದೇ ಅದು. ಸರಿಯಾದ ಲೆಕ್ಕದಲ್ಲೂ ನಮ್ಮದು 3.84 ದಾಟಲಿಲ್ಲ. ಅಷ್ಟೇ ಅಲ್ಲ, ಈ 200 ಕೋಶಗಳು ಒಂದೊಂದೇ ಬೇರಿನ ತುದಿಯದ್ದು. ಮತ್ತೆ ಅದೇ ಒಂದು ಪಾತ್ರೆ. ಅದನ್ನು ಈ ಸಲ ಸರ್ ಹೇಳಬೇಕಾಗಲಿಲ್ಲ, ಹಿಂದಿನ ಬೆಂಚಿನ ಹುಡುಗನೇ ಹೇಳಿದ.

ದಾಸವಾಳಕ್ಕೆ ವಾಪಸ್ ಬರುತ್ತೇನೆ. ಟಿ ಬೆಲೆ ಸಿಕ್ಕ ದಿನ ಎಲ್ಲರೂ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಅನ್ನದ ಅಗುಳಿನ ಹುಡುಗಿ ಎದ್ದು ನಿಂತಳು. "ಮೇಡಂ, ನೆರಳಿನ ಎಲೆ ಅಗಲ ಜಾಸ್ತಿ ಇದೆ. ಕೋಶಗಳೇ ದೊಡ್ಡದಾಗಿ ಹಿಗ್ಗಿದ್ರೆ ರಂಧ್ರ ಕಡಿಮೆ ಆಗಿಲ್ಲ, ದೂರ ದೂರ ಆಗಿದೆ ಅಷ್ಟೇ ಅಲ್ವಾ?"

ಇದಕ್ಕೆ ಟೇಬಲ್‌ನಲ್ಲಿ ಉತ್ತರವಿಲ್ಲ. 3.88 ಹೇಳುವುದು ವ್ಯತ್ಯಾಸ ಇದೆ ಅಂತ, ಯಾಕೆ ಅಂತ ಅಲ್ಲ. ಆದರೆ ಜೀವಶಾಸ್ತ್ರದಲ್ಲಿ ಇದಕ್ಕೊಂದು ಅಳತೆ ಇದೆ. ರಂಧ್ರಗಳ ಜೊತೆಗೆ ಅದೇ ಜಾಗದ ಸಾಮಾನ್ಯ ಹೊರಪದರದ ಕೋಶಗಳನ್ನೂ ಎಣಿಸಿ, ಎರಡರ ಮೊತ್ತದಲ್ಲಿ ರಂಧ್ರ ನೂರಕ್ಕೆ ಎಷ್ಟು ಅಂತ ನೋಡುವುದು. ಎಲೆ ಹಿಗ್ಗಿದರೆ ರಂಧ್ರವೂ ಕೋಶವೂ ಒಟ್ಟಿಗೇ ದೂರ ಸರಿಯುತ್ತವೆ, ಈ ಸೂಚ್ಯಂಕ ಹಾಗೇ ಉಳಿಯುತ್ತದೆ. ಇಲ್ಲಿ ಶೇಕಡ ಬರುವುದು ತಪ್ಪಲ್ಲ, ಯಾಕಂದರೆ ಒಂದೊಂದು ಎಲೆಗೆ ಒಂದೊಂದು ಅಳತೆ ಅಂತ ಟಿ-ಟೆಸ್ಟ್‌ಗೆ ಕೊಡುವುದು. ಅವೇ ಇಪ್ಪತ್ತು ಸ್ಲೈಡ್ ಮತ್ತೆ ಹೊರಗೆ ಬಂದವು. ಗಡಿ ಸರಿಯಾಗಿ ಕಾಣದ ಕೋಶಗಳನ್ನು ನೂರಾರು ಎಣಿಸುವುದು ಕಣ್ಣು ಉರಿಯುವ ಕೆಲಸ. ಎರಡು ಶನಿವಾರ ಹಿಡಿಯಿತು.

ಈ ಸಲ ಟಿ ಬೆಲೆ 1.2, ಟೇಬಲ್‌ನ 2.10 ದಾಟಲಿಲ್ಲ. ಒಬ್ಬಳು ರೆಕಾರ್ಡಿನಲ್ಲಿ "ಸೂಚ್ಯಂಕ ಎರಡೂ ಕಡೆ ಒಂದೇ" ಅಂತ ಬರೆದಳು. ಸರ್ ಅದನ್ನು ಹೊಡೆದುಹಾಕಿ, "ವ್ಯತ್ಯಾಸ ಇದೆ ಎನ್ನಲು ಈ ಇಪ್ಪತ್ತು ಎಲೆಯ ಸಾಕ್ಷಿ ಸಾಲದು" ಅಂತ ತಿದ್ದಿದರು. ಅವಳು ಎರಡಕ್ಕೂ ಏನು ವ್ಯತ್ಯಾಸ ಅಂತ ಅರ್ಧ ಗಂಟೆ ವಾದ ಮಾಡಿದಳು, ಕೊನೆಗೆ ಒಪ್ಪಿದಳು.

ನೆರಳಿನ ಎಲೆಯ ಕೋಶಗಳು ನಿಜಕ್ಕೂ ಜಾಸ್ತಿ ಹಿಗ್ಗುತ್ತವೆಯೇ ಅನ್ನುವುದು ಇನ್ನೂ ಬಾಕಿ ಇದೆ. ಹೋದ ವಾರ ಇಬ್ಬರೂ ಹುಡುಗಿಯರು ಬೇಲಿಯ ಎರಡೂ ಕಡೆ ಚೀಟಿ ಎತ್ತಿ ಗಿಡ ಆರಿಸಿ, ಈಗಷ್ಟೇ ಬಿಚ್ಚಿಕೊಳ್ಳುತ್ತಿರುವ ಚಿಗುರುಗಳ ತೊಟ್ಟಿಗೆ ಬಿಳಿ ದಾರ ಕಟ್ಟಿದ್ದಾರೆ. ಎರಡು ದಿನಕ್ಕೊಮ್ಮೆ ಸ್ಕೇಲ್ ಹಿಡಿದು ಅಗಲ ಅಳೆಯುತ್ತಾರೆ. ಆಡು ಬಂದು ನೆರಳಿನ ಕಡೆಯ ಎರಡು ಚಿಗುರು ತಿಂದುಹೋಯಿತು. ಅದನ್ನೂ ತಾರೀಖು ಹಾಕಿ ರೆಕಾರ್ಡಿನಲ್ಲಿ ಬರೆದಿಟ್ಟಿದ್ದಾರೆ.